ಹೊಲಿಗೆ ಯಂತ್ರ ಮೆಟ್ಟಿಲು ಇಳಿಯುವವರೆಗೆ

ನನ್ನ ಗಂಡ ತೀರಿಕೊಂಡ ಮೇಲೆ ನಾನು ಮೊದಲ ಸಲ ಟೀವಿ ಹಾಕಿದ್ದು ಹದಿನೆಂಟನೆಯ ದಿನ. ಹಾಕುತ್ತಿದ್ದ ಹಾಗೇ, ಅರ್ಧ ನೋಡಿ ಬಿಟ್ಟವುಗಳ ಸಾಲಿನಲ್ಲಿ ಮೊದಲನೆಯದಾಗಿ ಆ ಸಿನಿಮಾ ಬಂತು. ಚಿತ್ರದ ಕೆಳಗೆ ಒಂದು ಕೆಂಪು ಗೆರೆ, ಸುಮಾರು ಅರ್ಧದವರೆಗೆ. ಅವರು ನಿಲ್ಲಿಸಿದ ಜಾಗ ಅದು.

ಕಾಯಿಲೆಯ ಕೊನೆಯ ಎರಡು ತಿಂಗಳು ನಾವು ಮಧ್ಯಾಹ್ನ ಪರದೆ ಎಳೆದುಕೊಂಡು ಸಿನಿಮಾ ನೋಡುತ್ತಿದ್ದೆವು. ಅವರಿಗೆ ಜೋರು ಸದ್ದು ಆಗುತ್ತಿರಲಿಲ್ಲ. ಹಾಡು, ಹೊಡೆದಾಟ ಬೇಡ ಅನ್ನುತ್ತಿದ್ದರು. ಹಾಗಾಗಿ ಬೇರೆ ದೇಶಗಳ ಸಿನಿಮಾಗಳನ್ನು ಹುಡುಕಿ, ಸದ್ದು ತಗ್ಗಿಸಿ, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ನೋಡುತ್ತಿದ್ದರು. ನಾನು ಮಂಡ್ಯದ ಕನ್ನಡ ಶಾಲೆಯಲ್ಲಿ ಕಲಿತವಳು, ಆಮೇಲೆ ಬಿ.ಎ. ಇಪ್ಪತ್ತೆರಡು ವರ್ಷದಿಂದ ಫ್ರೀಮಾಂಟಿನಲ್ಲಿದ್ದರೂ, ಹನ್ನೊಂದು ವರ್ಷದಿಂದ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರೂ ಆ ಸಾಲುಗಳು ನನಗೆ ಸಿಗುವಷ್ಟರಲ್ಲಿ ಹೋಗಿಬಿಡುತ್ತವೆ. ಅವರು ಅಲ್ಲಲ್ಲಿ ನಿಲ್ಲಿಸಿ, ಏನಾಯಿತು ಅಂತ ಕನ್ನಡದಲ್ಲಿ ಹೇಳಿ, ಮತ್ತೆ ಬಿಡುತ್ತಿದ್ದರು. ಎರಡು ಗಂಟೆಯ ಸಿನಿಮಾ ಮೂರು ಗಂಟೆ ಆಗುತ್ತಿತ್ತು. ನಮಗೆ ಅವಸರ ಇರಲಿಲ್ಲ.

ಇದು ಯುದ್ಧದ ಕಾಲದ ಕಥೆ. ಯೂರೋಪಿನ ಒಂದು ಸಣ್ಣ ಊರು. ನಾಜಿ ಸೈನ್ಯ ಊರನ್ನು ಹಿಡಿದು ಕೂತಿದೆ. ಪುರಸಭೆಯಲ್ಲಿ ಒಬ್ಬ ಗುಮಾಸ್ತ, ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವ ದೊಡ್ಡ ಪುಸ್ತಕ ಅವನ ವಶದಲ್ಲಿದೆ. ಹೊಸ ಅಧಿಕಾರಿಗಳು ಬಂದು ಯಹೂದಿಗಳ ಪಟ್ಟಿ ಕೇಳುತ್ತಾರೆ. ಅವನು ಕೆಟ್ಟವನಲ್ಲ. ಖುಷಿಯಿಂದ ಮಾಡುವುದಿಲ್ಲ, ಆಗುವುದಿಲ್ಲ ಅಂತಲೂ ಹೇಳುವುದಿಲ್ಲ. ಪೆನ್ಸಿಲು ಚೂಪು ಮಾಡಿಕೊಂಡು, ಪುಸ್ತಕ ನೋಡಿಕೊಂಡು, ದುಂಡಗಿನ ಅಕ್ಷರದಲ್ಲಿ ಬರೆಯುತ್ತಾನೆ. ಅವನ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ದರ್ಜಿಯ ಸಂಸಾರ ಇದೆ. ಆ ಹೆಸರುಗಳನ್ನೂ ಬರೆಯುತ್ತಾನೆ.

ಕೆಲವು ದಿನಗಳಾದ ಮೇಲೆ ದರ್ಜಿಯ ಹೆಂಡತಿ ಕೆಳಗೆ ಬರುತ್ತಾಳೆ. ನಮ್ಮನ್ನು ಎಲ್ಲಿಗೋ ಕಳಿಸುತ್ತಾರಂತೆ, ಹೊಲಿಗೆ ಯಂತ್ರ ಹೊತ್ತುಕೊಂಡು ಹೋಗುವುದಕ್ಕೆ ಬಿಡುವುದಿಲ್ಲವಂತೆ, ನಾವು ವಾಪಸು ಬರುವ ತನಕ ನಿಮ್ಮಲ್ಲಿ ಇಟ್ಟುಕೊಳ್ಳಿ ಅನ್ನುತ್ತಾಳೆ. ದರ್ಜಿ ಒಂದು ಕಡೆ, ಗುಮಾಸ್ತ ಒಂದು ಕಡೆ ಹಿಡಿದುಕೊಂಡು ಯಂತ್ರವನ್ನು ಮೆಟ್ಟಿಲು ಇಳಿಸುತ್ತಾರೆ. ದರ್ಜಿ, ನಿಧಾನ, ಬೆರಳು ಜೋಪಾನ ಅನ್ನುತ್ತಾನೆ. ಗುಮಾಸ್ತನ ಹೆಂಡತಿ ಕೆಳಗೆ ಬಾಗಿಲು ಹಿಡಿದುಕೊಂಡು ನಿಂತಿದ್ದಾಳೆ. ಪಟ್ಟಿಯ ವಿಷಯ ಅವಳಿಗೆ ಗೊತ್ತು.

ಅಲ್ಲಿ ನನ್ನ ಗಂಡ ನಿಲ್ಲಿಸಿದರು. ನನಗೆ ವಿವರಿಸಲು ನಿಲ್ಲಿಸಿದ್ದು ಅಂದುಕೊಂಡೆ. ಅವರು ರಿಮೋಟನ್ನು ಹೊದಿಕೆಯ ಮೇಲೆ ಇಟ್ಟರು. ಆಮೇಲೆ ಕೇಳಿದರು.

"ಗ್ರೈಂಡರು ಚೆನ್ನಾಗಿ ನಡೀತಿದೆಯಾ?"

"ನಡೀತಿದೆ" ಅಂದೆ.

"ಸಾಕು ಇವತ್ತಿಗೆ. ನಾಳೆ ನೋಡೋಣ."

ಮಾರನೆಯ ದಿನ ಅವರು ಅದನ್ನು ಹಾಕಲಿಲ್ಲ. ನಾನೂ ನೆನಪಿಸಲಿಲ್ಲ. ಅದಾಗಿ ಮೂರು ವಾರಕ್ಕೆ ಹೋದರು.

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಕಿಟಕಿಯ ಪಕ್ಕ, ದೋಸೆ ಹಿಟ್ಟು ರುಬ್ಬುವ ಒಂದು ಗ್ರೈಂಡರ್ ಇದೆ. ಒಂಬತ್ತು ವರ್ಷದಿಂದ ಅಲ್ಲೇ ಇದೆ. ಅದು ನಮ್ಮದಲ್ಲ.

ಅದು ನನ್ನ ಗಂಡನ ಆಫೀಸಿನಲ್ಲಿ, ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನ ಮನೆಯದು. ಹುಡುಗ ಅಂದರೆ ಮೂವತ್ತು ದಾಟಿದವನು, ಗಂಡ ಹೆಂಡತಿ ಇಬ್ಬರೂ ಧಾರವಾಡದ ಕಡೆಯವರು. ನಮ್ಮಿಂದ ಎರಡು ಬೀದಿ ಆಚೆ ಅಪಾರ್ಟ್‌ಮೆಂಟಿನಲ್ಲಿದ್ದರು. ಕೊಲ್ಲಿಯ ಆಚೆ ದಡದ ಆಫೀಸಿಗೆ ಇವರಿಬ್ಬರೂ ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದರು. ಇಬ್ಬರಿದ್ದರೆ ಕಾರ್‌ಪೂಲ್ ಲೇನು ಸಿಗುತ್ತದೆ, ಸೇತುವೆಯ ಹತ್ತಿರ ಅರ್ಧ ಗಂಟೆ ಉಳಿಯುತ್ತದೆ. ನಾಲ್ಕು ವರ್ಷ ಹಾಗೆ ಓಡಾಡಿದರು. ಅವನ ಹೆಂಡತಿ ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಅವಳಿಗೆ ಏಳು ತಿಂಗಳಾದಾಗ ಧಾರವಾಡದಿಂದ ತಾಯಿ ಬರಬೇಕಿತ್ತು. ವೀಸಾ ಆಗಲಿಲ್ಲ. ನಾವು ಸೀಮಂತ ಅನ್ನುವುದನ್ನು ಅವರ ಕಡೆ ಕುಬಸ ಅನ್ನುತ್ತಾರೆ. ತಾಯಿಯ ಜಾಗದಲ್ಲಿ ನಿಂತು ನಾನೇ ನಮ್ಮ ಮನೆಯಲ್ಲಿ ಮಾಡುತ್ತೇನೆ ಅಂದೆ. ಶನಿವಾರ ಅಂತ ನಿಶ್ಚಯವಾಯಿತು.

ಅದರ ಹಿಂದಿನ ಗುರುವಾರ ಸಂಜೆ ನನ್ನ ಗಂಡನ ಕಾರು ಗ್ಯಾರೇಜಿಗೆ ಬಂದ ಸದ್ದು ಕೇಳಿತು. ಅವರು ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಸೀಟಿನಲ್ಲೇ ಕೂತಿದ್ದರು. ಅವನನ್ನು ಅವನ ಮನೆಯ ಹತ್ತಿರ ಇಳಿಸಿ ಬಂದಿದ್ದರು. ನಾನು ಪಕ್ಕದ ಸೀಟಿನಲ್ಲಿ ಕೂತೆ.

"ಎರಡು ಹೆಸರು ಕೇಳಿದ್ರು. ಇವತ್ತು ಕಳಿಸಿದೆ" ಅಂದರು. ಆಫೀಸಿನಲ್ಲಿ ಜನರನ್ನು ತೆಗೆಯುತ್ತಾರೆ ಅನ್ನುವ ಮಾತು ಒಂದು ತಿಂಗಳಿಂದ ಇತ್ತು.

"ಯಾರದು?"

ಹೇಳಿದರು. ಒಂದು ಅವನದು.

"ಅವನು ಕೆಲಸದಲ್ಲಿ ಹಿಂದಾ?"

"ಇಲ್ಲ."

"ಮತ್ತೆ?"

"ಎಂಟು ಜನದಲ್ಲಿ ನನ್ನ ಕಾರಲ್ಲಿ ಬರೋನು ಅವನೊಬ್ಬ. ಅವನನ್ನ ಉಳಿಸಿಕೊಂಡು ಬೇರೆಯವರನ್ನ ಕೊಟ್ಟರೆ ಏನಂತಾರೆ? ತನ್ನ ಭಾಷೆಯವನನ್ನ ಉಳಿಸಿಕೊಂಡ ಅಂತಾರೆ. ಆಗಲೇ ಒಬ್ಬಳು ಅಂದಿದಾಳೆ, ನಗ್ತಾ ನಗ್ತಾ. ನಿಮ್ಮಿಬ್ಬರದು ಒಂದು ಸೀಕ್ರೆಟ್ ಲ್ಯಾಂಗ್ವೇಜು ಇದೆಯಲ್ಲ ಅಂತ."

ಅಂದರೆ ಅವನು ನಮ್ಮವನಾಗಿದ್ದಕ್ಕೇ ಪಟ್ಟಿಗೆ ಸೇರಿದ. ನ್ಯಾಯವಾಗಿ ಕಾಣಬೇಕು ಅಂತ ನನ್ನ ಗಂಡ ಆ ಅನ್ಯಾಯ ಮಾಡಿದರು. ಇದು ನನಗೆ ಆಗಲೇ ಅರ್ಥವಾಗಿತ್ತು. ಆಮೇಲೆ ಹೊಳೆದದ್ದು ಅಂತ ಬರೆದರೆ ಸುಳ್ಳಾಗುತ್ತದೆ.

"ಯಾವಾಗ ಹೇಳ್ತಾರೆ ಅವನಿಗೆ?"

"ಹತ್ತು ಹನ್ನೆರಡು ದಿನ. ಅಲ್ಲೀವರೆಗೆ ಯಾರಿಗೂ ಹೇಳೋ ಹಾಗಿಲ್ಲ. ಹೇಳಿದ್ದು ಗೊತ್ತಾದ್ರೆ ನನ್ನನ್ನೂ ಕಳಿಸ್ತಾರೆ. ನಮ್ಮ ಗ್ರೀನ್ ಕಾರ್ಡು ಇನ್ನೂ ಕೈಗೆ ಬಂದಿಲ್ಲ." ನನ್ನ ಕಡೆ ತಿರುಗಿ, "ಹೇಳಿಬಿಡಲಾ?" ಅಂದರು.

ಅವರು ಕೇಳಿದ್ದು ನನ್ನನ್ನು. ನಾನು "ಬೇಡ" ಅಂದೆ. "ಹೇಳಬೇಡಿ. ನಮಗೂ ಮಗಳಿದಾಳೆ."

ಆಮೇಲೆ "ಕೋಸಂಬರಿಗೆ ಸೌತೆಕಾಯಿ ತಂದ್ರಾ?" ಅಂತ ಕೇಳಿದೆ. ತಂದಿದ್ದರು. ಹಿಂದಿನ ಸೀಟಿನಲ್ಲಿತ್ತು.

ಶನಿವಾರ ಹದಿನೈದು ಹೆಂಗಸರು ಬಂದಿದ್ದರು. ಅವಳು ಹಸಿರು ಸೀರೆ ಉಟ್ಟು, ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ನಮ್ಮ ಸೋಫಾದ ಮೇಲೆ ಕೂತಿದ್ದಳು. ತಿನ್ನಿಸಿದ್ದನ್ನೆಲ್ಲ ತಿಂದಳು. "ಅಕ್ಕಾ, ನಿಮ್ಮ ಕಡೆದು ಕೋಸಂಬರಿ ತಿಂದ ತಿಂದ ನನ್ನ ಕೂಸು ಮಂಡ್ಯಾ ಭಾಷಾನ ಮಾತಾಡ್ತದ ನೋಡ್ರಿ" ಅಂತ ಎಲ್ಲರನ್ನೂ ನಗಿಸಿದಳು. ಅವಳ ಗಂಡ ಅಡುಗೆಮನೆಯಿಂದ ನನ್ನ ಗಂಡನಿಗೆ ಕೂಗಿ ಹೇಳಿದ. "ಬಾಸ್, ಹಿಂದಿನ ಸೀಟಿಗೆ ಒಂದು ಕೂಸಿನ ಕಾರ್ ಸೀಟು ಹಾಕಸ್ರಿ. ಇನ್ನ ಮ್ಯಾಲೆ ಮೂರು ಮಂದಿ ನಾವು. ನಾ ರಜಾ ಹಾಕಿದ್ರೂ ನಿಮ್ಮ ಲೇನು ಎಲ್ಲೂ ಹೋಗಂಗಿಲ್ಲ." ನನ್ನ ಗಂಡ ನಕ್ಕರು. ನಾನು ನೋಡಿದೆ, ಸರಿಯಾಗಿಯೇ ನಕ್ಕರು.

ಉಡಿ ತುಂಬಿದ್ದು ನಾನು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಶಿನದ ಕೊಂಬು, ವೀಳ್ಯದೆಲೆ, ಹಸಿರು ಖಣ. ಅವಳು ಸೆರಗು ಒಡ್ಡಿದಳು. ನಾನು ಅಕ್ಕಿ ಹಾಕುವಾಗ ಕೈ ನಡುಗಿ ನಾಲ್ಕು ಕಾಳು ಕಾರ್ಪೆಟ್ಟಿಗೆ ಬಿದ್ದವು. ಅವಳು ನಕ್ಕು, "ನೋಡ್ರಿ, ಹಡಿಯಾಕಿ ನಾನು, ಅಂಜಿಕಿ ಅಕ್ಕಗ" ಅಂದಳು.

ಮಂಗಳವಾರ ಕಾರಿನಲ್ಲಿ ಅವನು ನನ್ನ ಗಂಡನನ್ನು ಒಂದು ಮಾತು ಕೇಳಿದನಂತೆ. ಸ್ಯಾನ್ ಹೊಸೆಯ ಇನ್ನೊಂದು ಕಂಪನಿಯವರು ಇಂಟರ್‌ವ್ಯೂಗೆ ಬಾ ಅಂತಿದ್ದಾರೆ, ಕೂಸು ಬರುವ ಹೊತ್ತಿನಲ್ಲಿ ಯಾಕೆ ಈ ಉಸಾಬರಿ ಅನಿಸುತ್ತದೆ, ಏನು ಮಾಡಲಿ ಅಂತ. ನನ್ನ ಗಂಡ "ನಿನ್ನಿಷ್ಟ" ಅಂದರಂತೆ. ಅವನು ಹೋಗಲಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಪಾತ್ರೆ ಒರೆಸುತ್ತಾ.

ಆಫೀಸಿನವರು ಅವನಿಗೆ ಹೇಳುವ ದಿನವೂ ಇಬ್ಬರೂ ಒಂದೇ ಕಾರಿನಲ್ಲಿ ಹೋದರು. ಒಂದೇ ಕಾರಿನಲ್ಲಿ ಬಂದರು, ಅವನ ತೊಡೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ದಾರಿಯಲ್ಲಿ ಅವನೇ ನನ್ನ ಗಂಡನಿಗೆ ಸಮಾಧಾನ ಹೇಳಿದನಂತೆ. "ನೀವು ನನ್ನ ಸಲುವಾಗಿ ಎಷ್ಟು ಹೊಡೆದಾಡಿರ್ತೀರಿ ನನಗ ಗೊತ್ತದ ಬಾಸ್. ಮನಸಿಗೆ ಹಚಗೋಬ್ಯಾಡ್ರಿ." ನನ್ನ ಗಂಡ ಸುಳ್ಳು ಹೇಳಲಿಲ್ಲ. ಅವನು ಹೇಳಿದ್ದನ್ನು ಹಾಗೇ ಇರಲು ಬಿಟ್ಟರು.

ಕೆಲಸ ಹೋದರೆ ವೀಸಾದವರಿಗೆ ಇನ್ನೊಂದು ಕೆಲಸ ಹುಡುಕಲು ಅರವತ್ತು ದಿನ, ಸಿಗದಿದ್ದರೆ ದೇಶ ಬಿಡಬೇಕು. ಅವಳಿಗೆ ಅಷ್ಟೂ ಇರಲಿಲ್ಲ. ಇನ್ಶೂರೆನ್ಸು ಮುಗಿಯುತ್ತಿತ್ತು, ವಿಮಾನ ಹತ್ತುವುದಾದರೆ ಈಗಲೇ ಹತ್ತಬೇಕು ಅಂದರು ಡಾಕ್ಟರು. ಮೂರು ವಾರದಲ್ಲಿ ಮನೆ ಖಾಲಿ ಮಾಡಿದರು. ಇಲ್ಲಿಂದ ವಾಪಸು ಹೋಗುವವರು ಅಡುಗೆಮನೆಯನ್ನು ಹಂಚಿ ಹೋಗುವುದು ನಮ್ಮಲ್ಲಿ ಇದ್ದದ್ದೇ. ಕುಕ್ಕರು ಒಬ್ಬರಿಗೆ, ಇಡ್ಲಿ ಸ್ಟ್ಯಾಂಡು ಒಬ್ಬರಿಗೆ. ಗ್ರೈಂಡರನ್ನು ಮಾತ್ರ ಅವಳು ಯಾರಿಗೂ ಕೊಡಲಿಲ್ಲ. "ಇದು ನೂರಹತ್ತು ವೋಲ್ಟಿಂದು, ಅಲ್ಲಿ ನಡಿಯಂಗಿಲ್ಲ. ನಾವು ರೊಟ್ಟಿ ಮಂದಿ, ನಿಮ್ಮ ದೋಸೆ ನೋಡಿ ತಗೊಂಡಿದ್ದೆ. ನಿಮ್ಮಲ್ಲೇ ಇರಲಿ ಅಕ್ಕಾ, ತಿರುಗಿ ಬಂದಾಗ ತಗೋತೀನಿ" ಅಂದಳು. ಅವರ ಅಪಾರ್ಟ್‌ಮೆಂಟು ಎರಡನೆಯ ಮಹಡಿಯಲ್ಲಿತ್ತು. ಕಲ್ಲಿನ ಭಾರ. ಒಂದು ಕಡೆ ಅವನು, ಒಂದು ಕಡೆ ನನ್ನ ಗಂಡ ಹಿಡಿದು ಮೆಟ್ಟಿಲು ಇಳಿಸಿದರು. ನಾನು ಕೆಳಗೆ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ.

ಊರು ಮುಟ್ಟಿದ ವಾರದಲ್ಲೇ ಹೆರಿಗೆಯಾಯಿತು, ದಿನ ತುಂಬುವ ಮೊದಲೇ. ಹೆಣ್ಣು ಮಗು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಉಳಿಯಿತು. ಒಂದು ಕಣ್ಣಿನ ದೃಷ್ಟಿ ಸರಿಯಾಗಿ ಬರಲಿಲ್ಲ. ಓಡಾಟದಿಂದ ಹಾಗಾಯಿತೋ, ಇಲ್ಲೇ ಇದ್ದಿದ್ದರೂ ಆಗುತ್ತಿತ್ತೋ ಯಾರೂ ಹೇಳಲಾರರು. ಹೇಳಲಾರರು ಅನ್ನುವುದನ್ನೇ ಹಿಡಿದುಕೊಂಡು ನಾನು ಒಂಬತ್ತು ವರ್ಷ ಪ್ರತಿ ಶನಿವಾರ ಹಿಟ್ಟು ರುಬ್ಬಿದೆ. ಅವರು ತಿರುಗಿ ಬರಲಿಲ್ಲ.

ಅವಳು ಸಂಪರ್ಕ ಬಿಡಲಿಲ್ಲ. ಹಬ್ಬಕ್ಕೆ ಫೋನು ಮಾಡುತ್ತಿದ್ದಳು. ನನ್ನ ಗಂಡನ ಸುದ್ದಿ ಕೇಳಿ, ಅತ್ತಳು. ಇಪ್ಪತ್ತೈದನೆಯ ದಿನ ಭಾನುವಾರ ಸ್ಯಾನ್ ರಮೋನಿನ ಒಂದು ಹಾಲಿನಲ್ಲಿ ನೆನಪಿನ ಸಭೆ ಮಾಡಬೇಕು ಅಂತ ನನ್ನ ಮಗಳ ಆಸೆ. ಅವಳು ಇಲ್ಲೇ ಹುಟ್ಟಿದವಳು, ಈಗಷ್ಟೇ ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಪ್ಪನನ್ನು ಬಲ್ಲವರಿಂದ ಒಂದೊಂದು ನಿಮಿಷದ ವಿಡಿಯೋ ತರಿಸಿದ್ದಳು. ನಾನು ಟೀವಿ ಹಾಕಿದ ಆ ಹದಿನೆಂಟನೆಯ ದಿನ ಹಾಕಿದ್ದೇ ಆ ವಿಡಿಯೋಗಳನ್ನು ದೊಡ್ಡದಾಗಿ ನೋಡಲು.

"ಮಾಮ್, ದಿಸ್ ಒನ್ ಈಸ್ ದ ಬೆಸ್ಟ್" ಅಂತ ಮಗಳು ಧಾರವಾಡದ್ದನ್ನು ಕೊನೆಗೆ ತೋರಿಸಿದಳು.

ವಿಡಿಯೋದಲ್ಲಿ ಆ ಹುಡುಗನ ಹೆಂಡತಿ ಕುರ್ಚಿಯಲ್ಲಿ ಕೂತಿದ್ದಳು, ಮಗು ಪಕ್ಕದಲ್ಲಿ ದಪ್ಪ ಕನ್ನಡಕ ಹಾಕಿಕೊಂಡು ನಿಂತಿತ್ತು. "ನಮ್ಮ ಮನಿಯವರ ನೌಕರಿ ಉಳಸಾಕ ಅಣ್ಣಾರು ತಮ್ಮ ನೌಕರಿ ಪಣಕ್ಕ ಇಟ್ಟು ಹೊಡೆದಾಡಿದ್ರು. ಅಂಥಾವರು ಸಿಗಂಗಿಲ್ಲ" ಅಂದಳು. ಆಮೇಲೆ ಮಗುವಿನ ಬೆನ್ನು ತಟ್ಟಿದಳು. ಅದು ಕ್ಯಾಮರಾದ ಪಕ್ಕಕ್ಕೆ ಎಲ್ಲೋ ನೋಡುತ್ತಾ, "ಥ್ಯಾಂಕ್ಯೂ ಕಾಕಾ" ಅಂದಿತು.

"ಇದನ್ನ ಲಾಸ್ಟಿಗೆ ಹಾಕ್ತೀನಿ" ಅಂದಳು ಮಗಳು. ನಾನು ಹೂಂ ಅಂದೆ. ಅವಳು ಮೇಲೆ ಹೋದಳು. ಟೀವಿಯಲ್ಲಿ ಮತ್ತೆ ಆ ಸಾಲು ಬಂತು, ಕೆಂಪು ಗೆರೆ.

ಉಳಿದರ್ಧವನ್ನು ನಾನು ಒಬ್ಬಳೇ ನೋಡಿದೆ. ಪ್ರತಿ ಸಾಲಿಗೂ ನಿಲ್ಲಿಸಿ, ಓದಿ, ಮತ್ತೆ ಬಿಟ್ಟು. ದರ್ಜಿಯ ಸಂಸಾರವನ್ನು ಲಾರಿಯಲ್ಲಿ ಹತ್ತಿಸಿಕೊಂಡು ಹೋಗುತ್ತಾರೆ. ಯುದ್ಧ ಮುಗಿಯುತ್ತದೆ. ದೊಡ್ಡ ಮಗಳು ಒಬ್ಬಳು ಬದುಕಿ ವಾಪಸು ಬರುತ್ತಾಳೆ. ಗುಮಾಸ್ತ ನಮ್ಮ ಪರವಾಗಿ ಬೇಡಿಕೊಂಡ ಅಂತ ಅವಳಿಗೆ ಯಾರೋ ಹೇಳಿದ್ದಾರೆ. ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಾಳೆ. ಅವನು ತಲೆ ಅಲ್ಲಾಡಿಸುತ್ತಾನೆ. ಹೌದು ಅಂತಲೂ ಇರಬಹುದು, ಅಲ್ಲ ಅಂತಲೂ ಇರಬಹುದು. ಹೊಲಿಗೆ ಯಂತ್ರ ನೀವೇ ಇಟ್ಟುಕೊಳ್ಳಿ, ನನಗೆ ಇಡಲು ಮನೆಯಿಲ್ಲ ಅಂತ ಹೇಳಿ ಅವಳು ಹೊರಟುಹೋಗುತ್ತಾಳೆ. ಗುಮಾಸ್ತನ ಹೆಂಡತಿ ಯಂತ್ರದ ಮುಂದೆ ಕೂತು ಒಂದು ಪರದೆಗೆ ಅಂಚು ಹೊಲಿಯುತ್ತಾಳೆ. ಮುಖ ಕಾಣುವುದಿಲ್ಲ. ಯಂತ್ರದ ಸದ್ದಿನಲ್ಲೇ ಸಿನಿಮಾ ಮುಗಿಯುತ್ತದೆ.

ನಮ್ಮದನ್ನು ಅದರ ಪಕ್ಕ ಇಡುವುದು ಸರಿಯಲ್ಲ. ಅಲ್ಲಿ ಜನರನ್ನು ಕೊಂದರು. ಇಲ್ಲಿ ಒಬ್ಬನ ಕೆಲಸ ಹೋಯಿತು, ಅವನಿಗೆ ಆಮೇಲೆ ಊರಲ್ಲಿ ಬೇರೆ ಕೆಲಸ ಸಿಕ್ಕಿತು. ಇದನ್ನು ನಾನು ನನಗೆ ಎಷ್ಟೋ ಸಲ ಹೇಳಿಕೊಂಡೆ. ಆದರೂ ಗುಮಾಸ್ತನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಬಾಗಿಲು ಹಿಡಿದು ನಿಂತಿದ್ದಳಲ್ಲ, ಅವಳ ಮೇಲೆ ಬಂತು. ಅವಳನ್ನು ಯಾರೂ ಏನೂ ಬರೆಯಲು ಕೇಳಿರಲಿಲ್ಲ. ಒಂದು ಮಾತು ಹೇಳಿದ್ದರೆ ಮೇಲಿನ ಮನೆಯವರಿಗೆ ಕೆಲವು ದಿನ ಸಿಗುತ್ತಿದ್ದವು.

ವಿಡಿಯೋ ಹಾಕಿದರೆ ಆ ಮಗುವಿನ ಥ್ಯಾಂಕ್ಯೂ ಹಾಲಿನಲ್ಲಿ ನೂರು ಜನರ ಮುಂದೆ ಕೇಳುತ್ತದೆ. ನಾನು ಮೊದಲ ಸಾಲಿನಲ್ಲಿ ಕೂತಿರುತ್ತೇನೆ. ಸುಮ್ಮನೆ ತೆಗೆಸಿದರೆ ಧಾರವಾಡದವಳಿಗೆ ಬೇಸರವಾಗುತ್ತದೆ, ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ. ನಿಜ ಹೇಳಿದರೆ ನನ್ನ ಗಂಡನನ್ನು ಅಷ್ಟು ಪ್ರೀತಿಯಿಂದ ನೆನೆಯುವವರು ಇಲ್ಲವಾಗುತ್ತಾರೆ. ಅವರು ಸತ್ತು ಇನ್ನೂ ತಿಂಗಳಾಗಿಲ್ಲ. ಐದು ದಿನ ಹೀಗೇ ಕಳೆದೆ.

ಶನಿವಾರ ಬೆಳಿಗ್ಗೆ ಧಾರವಾಡಕ್ಕೆ ಫೋನು ಮಾಡಿದೆ. ಅಲ್ಲಿ ಆಗ ಸಂಜೆ.

"ಅಕ್ಕಾ, ಊಟಾ ಸರಿಯಾಗಿ ಮಾಡ್ತೀರಿಲ್ಲೋ? ಹಿಟ್ಟು ರುಬ್ಬೀರಿ?" ಅಂದಳು.

"ರುಬ್ಬಿಲ್ಲ. ನಿನಗೊಂದು ಹೇಳಬೇಕು. ಆ ಪಟ್ಟೀಲಿ ನಿನ್ನ ಗಂಡನ ಹೆಸರು ಬರೆದಿದ್ದು ಇವರೇ."

"ಯಾವ ಪಟ್ಟಿರಿ?"

ಹೇಳಿದೆ. ಎಂಟು ಜನ, ಎರಡು ಹೆಸರು, ಕಾರು, ಇಂಟರ್‌ವ್ಯೂ. ಅಲ್ಲಿ ಕುಕ್ಕರು ಎರಡು ಸಲ ಕೂಗಿತು. ಯಾರೋ ಆರಿಸಿದರು.

"ನಿಮಗ ಯಾವಾಗ ಗೊತ್ತಾತು?"

"ಗುರುವಾರ."

"ಯಾವ ಗುರುವಾರ?"

"ಕುಬಸದ ಹಿಂದಿನ ಗುರುವಾರ."

"ಉಡಿ ತುಂಬಿದವರು ನೀವ ಅಲ್ಲಾ?"

"ಹೌದು."

"ಕೈ ನಡಗತಿದ್ದವು ನಿಮ್ಮವು."

"ಹೌದು."

"ನಾ ನಕ್ಕಿದ್ದೆ."

ಅವರು ಹೇಳಿಬಿಡಲಾ ಅಂದಿದ್ದರು, ಬೇಡ ಅಂದದ್ದು ನಾನು ಅಂತ ಅದನ್ನೂ ಹೇಳಿದೆ. ಅದನ್ನು ಹೇಳುವಾಗ ಅವರನ್ನು ಸ್ವಲ್ಪವಾದರೂ ಉಳಿಸಲು ನೋಡುತ್ತಿದ್ದೇನೆ ಅಂತ ನನಗೇ ಅನಿಸಿತು. ಆದರೂ ಅದು ನಿಜ.

"ಈಗ್ಯಾಕ ಹೇಳಿದ್ರಿ?" ಅಂದಳು. ಅವಳ ದನಿ ಏರಲಿಲ್ಲ. "ಅವರು ಇದ್ದಾಗ ಹೇಳಿದ್ರ ಜಗಳಾನರ ಆಡ್ತಿದ್ದೆ. ಈಗ ಯಾರ ಕೂಡ ಆಡ್ಲಿ?"

"ನನ್ನ ಜೊತೆ ಆಡು."

"ನಿಮ್ಮ ಕೂಡ ಮಾತ ಬ್ಯಾಡಾಗೇದ ನನಗ." ಆಮೇಲೆ, "ಆ ವಿಡಿಯೋ ತಗದ ಹಾಕ್ರಿ. ಅದರಾಗ ನನ್ನ ಕೂಸು ಥ್ಯಾಂಕ್ಯೂ ಅಂದದ" ಅಂದಳು. ಫೋನು ಇಟ್ಟಳು.

ಮಗಳಿಗೂ ಹೇಳಬೇಕಾಯಿತು. ಅವಳು ನಿಂತುಕೊಂಡೇ ಪೂರ್ತಿ ಕೇಳಿದಳು. "ಹೀ ಈಸ್ ನಾಟ್ ಹಿಯರ್ ಟು ಸೇ ಎನಿಥಿಂಗ್, ಮಾಮ್" ಅಂದಳು. ಆಮೇಲೆ ಕನ್ನಡದಲ್ಲಿ, "ಅಪ್ಪ ಪಾಪ" ಅಂದಳು. ವಿಡಿಯೋ ತೆಗೆದಳು. ತಾನು ಓದಲು ಬರೆದಿದ್ದ ಹಾಳೆಯಲ್ಲಿ ಒಂದು ಸಾಲನ್ನು ಹೊಡೆದುಹಾಕಿದಳು. ಭಾನುವಾರ ಸಭೆ ಚೆನ್ನಾಗಿ ಆಯಿತು ಅಂತ ಎಲ್ಲರೂ ಹೇಳಿದರು. ಬರುವಾಗ ಆರುನೂರ ಎಂಬತ್ತರ ಫ್ರೀವೇಯಲ್ಲಿ ಮಗಳು ಕಾರ್‌ಪೂಲ್ ಲೇನಿಗೆ ಹೋದಳು, ನಾವಿಬ್ಬರಿದ್ದೆವು.

ಹತ್ತು ದಿನ ಬಿಟ್ಟು ಧಾರವಾಡದಿಂದ, ಅವಳ ಗಂಡನಿಂದ ಒಂದು ಸಾಲಿನ ಮೆಸೇಜು ಬಂತು. ಗ್ರೈಂಡರನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ. ಅಷ್ಟೇ. ಅವಳಿಂದ ಏನೂ ಬಂದಿಲ್ಲ. ಯುಗಾದಿ ಬಂದು ಹೋಯಿತು.

ಕಲ್ಲು, ಪಾತ್ರೆ ಎರಡನ್ನೂ ತೊಳೆದು ಒಣಗಿಸಿ, ಪ್ಲಗ್ಗು ತೆಗೆದಿಟ್ಟಿದ್ದೇನೆ. ಧಾರವಾಡಕ್ಕೆ ಕಳಿಸಿದರೆ ಅಲ್ಲಿ ನಡೆಯುವುದಿಲ್ಲ. ನಮ್ಮ ಬೀದಿಯಲ್ಲೇ ಕೇಳುವವರಿದ್ದಾರೆ, ಹೊಸದಾಗಿ ಬಂದ ಒಂದು ಜೋಡಿ. ಕೊಟ್ಟಿಲ್ಲ. ಕೊಟ್ಟರೆ ಅದು ಕೊಡಲು ನನ್ನದಾಗಿತ್ತು ಅಂತ ಆಗುತ್ತದೆ. ಶನಿವಾರ ಅಂಗಡಿಯ ಹಿಟ್ಟಿನ ಡಬ್ಬ ತರುತ್ತೇನೆ. ಒಬ್ಬಳಿಗೆ ಒಂದು ವಾರ ಬರುತ್ತದೆ.